ಡಿಸೆಂಬರ್ ಮೂವತ್ತೊಂದರೊಳಗೆ

"ಸಿಂಗಲ್ ಅಂತ ಹಾಕ್ಲಾ ಮಗಳೇ? ಮದುವೆ ಇರೋದು ಬರೋ ಮೇ ತಿಂಗಳಲ್ಲಿ ತಾನೇ?" ಅಮೆರಿಕದ ಅಯೋವಾ ರಾಜ್ಯದ ಒಂದು ಸಣ್ಣ ಊರಿನ ಲೈಬ್ರರಿಯಲ್ಲಿ ಪುಕ್ಕಟೆಯಾಗಿ ತೆರಿಗೆ ಫಾರಂ ತುಂಬಿಕೊಡುವ ಮಾರ್ಲಿಸ್ ಆಂಟಿ ಕೇಳಿದಳು. ಎದುರು ಕೂತಿದ್ದ ಕೋರಾಳ ಮದುವೆಯ ಗೌನಿಗೆ ಮೂರು ತಿಂಗಳಿಂದ ಒಂದೊಂದೇ ಮುತ್ತು ಹೊಲಿಯುತ್ತಿರುವವಳೂ ಇವಳೇ. ಅಳತೆಯ ಟೇಪು ಅವಳ ಕೈಚೀಲದಿಂದ ಇಣುಕುತ್ತಿತ್ತು.

ಕೋರಾ ಪಕ್ಕದಲ್ಲಿದ್ದ ಮದುವೆ ಗಂಡು ವೇಡ್‌ನನ್ನು ನೋಡಿದಳು. ಅವನು ತನ್ನ ಬೂಟು ನೋಡುತ್ತಿದ್ದ. "ಇಲ್ಲ ಆಂಟಿ, ಮದುವೆ ಆದೋರು ಅಂತ ಹಾಕಿ. ಇಬ್ರುದೂ ಸೇರಿಸಿ."

"ಅಯ್ಯೋ ಪೆದ್ದಿ, ಅದಕ್ಕೆ ಹೋದ ವರ್ಷ ಡಿಸೆಂಬರ್ ಮೂವತ್ತೊಂದರೊಳಗೆ ಮದುವೆ ಆಗಿರ್ಬೇಕು ಕಣೇ."

"ಆಗಿದೀವಿ. ಮೂವತ್ತನೇ ತಾರೀಕು, ಕೋರ್ಟಲ್ಲಿ. ತೆರಿಗೆ ಕಮ್ಮಿ ಆಗುತ್ತೆ ಅಂತ... ಚರ್ಚಲ್ಲಿ ಯಾರಿಗೂ ಹೇಳಿಲ್ಲ."

ಮಾರ್ಲಿಸ್ ಬೈಯಲಿಲ್ಲ. 'ವಿವಾಹಿತರು, ಜಂಟಿ' ಎಂಬಲ್ಲಿ ಗುರುತು ಹಾಕಿ, ಇಬ್ಬರಿಂದಲೂ ಸಹಿ ಮಾಡಿಸಿಕೊಂಡಳು. ಆಮೇಲೆ ಟೇಪು ತೆಗೆದು ಎದ್ದು ಬಂದಳು. "ಕೈ ಎತ್ತು. ಸೊಂಟದ ಅಳತೆ ಇನ್ನೊಂದ್ಸಲ ಬೇಕು." ಕೋರಾ ಕೈ ಎತ್ತಿ ನಿಂತಳು. ಟೇಪು ಸೊಂಟ ಸುತ್ತಿ ಬಂತು.

"ಅವತ್ತು ಕೋರ್ಟಲ್ಲಿ ಏನು ಹಾಕ್ಕೊಂಡಿದ್ದೆ?" ಮಾರ್ಲಿಸ್ ಮೆಲ್ಲಗೆ ಕೇಳಿದಳು.

"ಜೀನ್ಸ್," ಎಂದಳು ಕೋರಾ. ಮುಖ ಮುಚ್ಚಿಕೊಳ್ಳೋಣವೆಂದರೆ ಎರಡೂ ಕೈ ಮೇಲಿದ್ದವು.