ಕಣ್ಣಿಗೆ ಕಾಣುವ ಕಾಯಿಲೆ

ಎದುರಿಗೆ ಯಾರೂ ಇಲ್ಲದಾಗಲೂ ಫಕ್ಕೀರೇಶನ ಕಿವಿಗೆ ಮಾತುಗಳು ಕೇಳಿಸುತ್ತಿದ್ದವು. ಹತ್ತು ವರ್ಷದಿಂದ ಮಾತ್ರೆ ನುಂಗುತ್ತಿದ್ದ. ಅಂಗವಿಕಲರ ಗುರುತಿನ ಚೀಟಿಯಿದ್ದರೆ ಆಸ್ಪತ್ರೆಗೆ ಹೋಗಿಬರಲು ಬಸ್ ಪಾಸ್ ಸಿಗುತ್ತದೆಂದು ಅಕ್ಕ ನೀಲವ್ವ ಅವನನ್ನು ನಾಲ್ಕನೆಯ ಸಲ ಕಚೇರಿಗೆ ಕರೆತಂದಿದ್ದಳು.

ಗುಮಾಸ್ತ ಅವನನ್ನು ಮೇಲಿಂದ ಕೆಳಗೆ ನೋಡಿದ. "ಕೈಕಾಲು ನೆಟ್ಟಗದಾವಲ್ರೀ. ತಲಿ ಬಾಚ್ಯಾನ, ನಮಸ್ಕಾರ ಹೇಳ್ಯಾನ. ಇವಗೇನಾಗೇತ್ರಿ?"

"ಡಾಕ್ಟರು ಬರದು ಕೊಟ್ಟಾರಲ್ರೀ ಸಾಹೇಬ್ರ."

"ಅದಿರ್ಲಿ, ನನ್ನ ಕಣ್ಣಿಗೆ ಕಾಣಬೇಕಲ್ಲ? ಮುಂದಿನ ತಿಂಗಳು ಬರ್ರಿ."

ನೀಲವ್ವನಿಗೆ ತಡೆಯಲಾಗಲಿಲ್ಲ. ಕಿರುಚುತ್ತಾ ಮೇಜಿನ ಮೇಲಿದ್ದ ಫೈಲುಗಳನ್ನೆಲ್ಲ ನೆಲಕ್ಕೆಸೆದಳು. ಹಣೆ ಚಚ್ಚಿಕೊಂಡು ಅತ್ತಳು.

ಫಕ್ಕೀರೇಶ ಅವಳನ್ನು ಹಿಡಿದು ಕುರ್ಚಿಯಲ್ಲಿ ಕೂಡಿಸಿದ. "ಅಕ್ಕಾ, ನನ್ನ ಕಡೆ ನೋಡು. ಸಾವಕಾಶ ಉಸಿರು ತಗೋ" ಎಂದು, ಆಸ್ಪತ್ರೆಯ ಆಪ್ತಸಮಾಲೋಚಕಿ ತನಗೆ ಕಲಿಸಿದ್ದನ್ನೇ ಅವಳಿಗೆ ಹೇಳಿಕೊಟ್ಟ. ನೀರು ಕುಡಿಸಿದ. ಫೈಲುಗಳನ್ನು ಆರಿಸಿ ಮೇಜಿನ ಮೇಲೆ ಜೋಡಿಸಿಟ್ಟ.

ಗುಮಾಸ್ತನ ಮನಸ್ಸು ಕರಗಿತು. ಅಲ್ಲೇ ಚೀಟಿ ಬರೆದು, ಮೊಹರು ಒತ್ತಿ, ಫಕ್ಕೀರೇಶನ ಕೈಗೆ ಕೊಟ್ಟ.

"ಮೊದಲನೇ ದಿನಾನ ತೋರಿಸಿದ್ರ ಇಷ್ಟು ಅಡ್ಡಾಡೋದು ತಪ್ಪತಿತ್ತಲ್ಲಪಾ!"

ಚೀಟಿಯಲ್ಲಿ ಹೀಗಿತ್ತು: ಅಂಗವಿಕಲರ ಹೆಸರು, ನೀಲವ್ವ. ನೋಡಿಕೊಳ್ಳುವವರು, ತಮ್ಮ ಫಕ್ಕೀರೇಶ.