ಎದುರಿನಿಂದ ನೋಡಿದರೆ

ಊಟದ ಮೇಜಿನಾಚೆಯಿಂದ ಸಂಕರ್ಷಣ ರಿವಾಲ್ವರನ್ನು ಹೆಂಡತಿಯ ಎದೆಗೆ ಗುರಿಯಿಟ್ಟು ನಗುತ್ತಿದ್ದ. ವರ್ತಕ ನಗರದಲ್ಲಿ ಹೋಟೆಲು ತೆರೆದ ಮೇಲೆ ಲೈಸೆನ್ಸ್ ಮಾಡಿಸಿ ಕೊಂಡದ್ದು ಅದು. ಪಿಸ್ತೂಲೇ ಬೇಕೆಂದು ಹಟ ಹಿಡಿದಿದ್ದ ತಮ್ಮ ಸಂದೇಶ ಪಕ್ಕದಲ್ಲಿದ್ದ.

“ಪಿಸ್ತೂಲಿನ ಹೊಟ್ಟೆಯಲ್ಲಿ ಗುಂಡು ಉಂಟೋ ಇಲ್ವೋ, ಹೊರಗಿಂದ ಗೊತ್ತಾಗುದಿಲ್ಲ ಮಾರಾಯ. ಇದರಲ್ಲಿ ಮೋಸ ಇಲ್ಲ, ಎದುರು ನಿಂತವರಿಗೂ ಕಾಣ್ತದೆ. ನೋಡು ವಾರಿಜಾ, ಪೂರಾ ಖಾಲಿ!” ಎನ್ನುತ್ತಾ ಅವನು ಟ್ರಿಗರ್ ಮೇಲೆ ಬೆರಳಿಟ್ಟ.

ವಾರಿಜಾ ನೋಡಿದಳು. ನಳಿಕೆಯ ಅಕ್ಕಪಕ್ಕ, ಗುಂಡು ತುಂಬುವ ಉರುಳೆಯ ತೂತುಗಳು ಬರೀ ಕತ್ತಲಾಗಿರಬೇಕಿತ್ತು. ಒಂದೊಂದರಲ್ಲೂ ಸೀಸದ ಮೂತಿ ಮಂಕಾಗಿ ಹೊಳೆಯುತ್ತಿತ್ತು. ಅವಳ ಕೈಯ ಸೌಟು ಸಾರಿನೊಳಕ್ಕೆ ಜಾರಿತು.

“ಇವ್ರೇ, ಬೆರಳು ಅಲ್ಲಾಡಿಸ್ಬೇಡಿ,” ಎಂದಳು, ಉಸಿರಿಗಿಂತ ಮೆಲ್ಲಗೆ. “ಗುಂಡು ಕಾಣ್ತಾ ಉಂಟು.”