ಪುಟ ತಿರುವುವ ಬಗೆ

ನಮ್ಮೂರಲ್ಲಿ ಕತೆಯಲ್ಲಿರುವವರ ಕಾಯಿಲೆ ಓದುವವರಿಗೂ ನಿಜವಾಗಿಯೇ ಬರುತ್ತದೆ. ಪುಸ್ತಕ ಮುಚ್ಚಿದರೆ ಹೋಗುತ್ತದೆ. ಆದರೆ ನಮ್ಮ ಗ್ರಂಥಾಲಯದ ಕತೆಗಳಲ್ಲಿ ರೋಗಿಗಳೆಲ್ಲ ಒಂದಿಷ್ಟು ಕೆಮ್ಮಿ, ನಗುನಗುತ್ತಾ ಸಾಯುವವರು. ಅವನ್ನೇ ಓದಿ ಒಂದಿಷ್ಟು ಕೆಮ್ಮಿ ಸುಮ್ಮನಾಗುತ್ತಿದ್ದ ನನ್ನ ಗಂಡ ಚನ್ನವೀರ, ನನ್ನ ಸಂಧಿವಾತ ಕಂಡು, "ಕಾಯಿಲೆ ಅಂದ್ರ ಇಷ್ಟ ಅಲ್ಲೇನ? ನಿಂದು ಭಾಳ ನಾಟಕ" ಎನ್ನುತ್ತಿದ್ದರು.

ಮೊನ್ನೆ ನಾನು ಹೋಗುವ ಸಂಜೆ ಶಾಲೆಯಲ್ಲಿ ಬೇರೆ ಥರದ ಕತೆಯೊಂದು ಸಿಕ್ಕಿತು. ಸಂಧಿವಾತದ ಹೆಂಗಸೊಬ್ಬಳು ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲಾಗದೆ ಬೈಯುತ್ತಾಳೆ, ಅಷ್ಟೇ. ಕೊಡುವುದು ತಪ್ಪೇನೋ ಎಂದು ಹೆದರುತ್ತಲೇ ಮನೆಗೆ ತಂದು ಗಂಡನ ಕೈಗಿಟ್ಟೆ.

ಮೊದಲ ಪುಟ ಮುಗಿಯುವಷ್ಟರಲ್ಲಿ ಅವರ ಬೆರಳುಗಳು ಸೆಟೆದುಕೊಂಡವು. ಪುಟ ತಿರುವಲಾಗಲಿಲ್ಲ, ಪುಸ್ತಕ ಮುಚ್ಚಲೂ ಆಗಲಿಲ್ಲ.

"ಏ ಗೌರವ್ವ, ಇದನ್ನ ಹೆಂಗ ತಿರುವೂದು?"

"ಬೆರಳಿಂದ ಅಲ್ರೀ, ಮಣಿಕಟ್ಟಿಂದ ತಳ್ರಿ. ನಾ ದಿನಾ ಹಂಗ ಮಾಡೂದು."

ತಳ್ಳಿದರು. ಪುಟ ತಿರುಗಿತು. ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡಿದರು.

"ಸಾಕು, ನಾನ ಮುಚ್ಚಲೇನ್ರಿ?"

"ಬ್ಯಾಡ ತಡಿ. ಆಕಿ ಭರಣಿ ತಗದಳೋ ಇಲ್ಲೋ ನೋಡೂಣು."

ಕೊನೆಯ ಪುಟದವರೆಗೂ ಅವರು ಮಣಿಕಟ್ಟಿನಿಂದಲೇ ತಿರುವಿದರು. ನಾನು ಪಕ್ಕದಲ್ಲಿ ಕೂತು, ಆ ಕತೆ ಬರೆದವರಿಗೆ ಕೈಮುಗಿದೆ. ನನ್ನ ಬೆರಳುಗಳು ಸರಿಯಾಗಿ ಕೂಡಲಿಲ್ಲ. ಬರೆದವರು ತಪ್ಪು ತಿಳಿಯಲಾರರು.